ಉಬ್ಬಿನ ದಾರಿಯಲ್ಲಿ ಮೊಸರಿನ ಗಡಿಗೆ

ಬನ್ನಿ, ಗೋಡೆಗೆ ಬೆನ್ನು ಕೊಟ್ಟು ಕೂತುಕೊಳ್ಳಿ. ಫೋನು ಮಗುಚಿ ಇಡಿ. ಕಾಲು ಚಾಚಿದರೂ ನಾನೇನೂ ಅನ್ನುವುದಿಲ್ಲ, ಕುಣಿಸಬೇಡಿ ಅಷ್ಟೆ. ಇದು ಗುರುಗಳು ಒಬ್ಬ ಶಿಷ್ಯನಿಗೆ ಹೇಳಿದ ಕತೆ. ಮೊದಲು ಶಿಷ್ಯ ಕೇಳಿದ್ದನ್ನು ಕೇಳಿ.

“ಗುರುಗಳೇ, ನನಗೆ ಇದಕ್ಕಿಂತ ದೊಡ್ಡ ಮಂತ್ರ ಬೇಕು. ನೀವು ಕೊಟ್ಟದ್ದು ಸಾಲುತ್ತಿಲ್ಲ. ಬೆಳಿಗ್ಗೆ ತುಂಬಿಕೊಂಡು ಏಳುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಬರಿದಾಗಿರುತ್ತೇನೆ. ಎಲ್ಲರ ಮೇಲೂ ಸಿಡುಕುತ್ತೇನೆ. ಸಂಜೆ ಪೂಜೆಗೆ ಕೂತರೆ ಒಳಗೆ ಏನೂ ಉಳಿದಿರುವುದಿಲ್ಲ. ಹೀಗೇ ಆದರೆ ಅರ್ಧ ದಾರಿಯಲ್ಲಿ ನಿಂತುಬಿಡುತ್ತೇನೇನೋ ಎಂದು ಹೆದರಿಕೆಯಾಗುತ್ತದೆ.”

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಒಂದು ಹಿಡಿ ಕಾಯಿ ಅವನ ಮುಂದೆ ಹಾಕಿದರು. ಅವನು ಕೂತ. ಅವನ ಬಲಗಾಲು ಮೊರದ ಅಂಚಿಗೆ ತಾಗಿತ್ತು. ಸುಲಿಯುತ್ತಾ ಗುರುಗಳು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಡ್ರೈವರ್ ಇದ್ದ. ಹಳೆಯದೊಂದು ಬಾಡಿಗೆ ಕಾರು ಅವನದು. ಅದಕ್ಕೆ ಯಾವಾಗಲೂ ದುಬಾರಿ ಪೆಟ್ರೋಲನ್ನೇ ಹಾಕಿಸುತ್ತಿದ್ದ. ದುಬಾರಿಯದು ಹೆಚ್ಚು ದೂರ ಓಡಿಸುತ್ತದೆ ಎಂದು ನಂಬಿದ್ದ. ಯಾರೂ ಹಾಗೆಂದು ಹೇಳಿರಲಿಲ್ಲ. ಬೆಲೆ ನೋಡಿ ಅವನೇ ಅಂದುಕೊಂಡಿದ್ದ.

ಒಂದು ಸಂಜೆ ಒಬ್ಬ ಬಳೆ ವ್ಯಾಪಾರಿ ಓಡಿಬಂದ. ಕಾಡಿನ ಆಚೆಯ ಪಟ್ಟಣದಲ್ಲಿ ಅವನ ಮಗಳು ಹೆರಿಗೆಗೆಂದು ಆಸ್ಪತ್ರೆ ಸೇರಿದ್ದಳು. ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ಆಪರೇಷನ್ ಆಗಬೇಕಿತ್ತು. ಅವಳ ರಕ್ತದ ಗುಂಪು ಅಪರೂಪದ್ದು, ಎಲ್ಲಿ ವಿಚಾರಿಸಿದರೂ ಸಿಕ್ಕಿರಲಿಲ್ಲ. ಅಪ್ಪನದು ಹೊಂದುತ್ತದೆ, ಕೂಡಲೇ ಹೊರಟು ಬನ್ನಿ ಎಂದು ಡಾಕ್ಟರು ಫೋನು ಮಾಡಿದ್ದರು.

ಕಾಡಿನ ರಸ್ತೆಗೆ ಆಚೆಗೊಂದು ಈಚೆಗೊಂದು ಗೇಟು. ಸಂಜೆ ಆರಕ್ಕೆ ಎರಡು ಕಡೆಯೂ ಒಳಗೆ ಬಿಡುವುದನ್ನು ನಿಲ್ಲಿಸುತ್ತಾರೆ. ಒಳಗಿದ್ದ ಗಾಡಿ ಹೊರಗೆ ಹೋಗಬಹುದು. ಹೊಸದಾಗಿ ಯಾವುದೂ ಬರುವಂತಿಲ್ಲ, ಬೆಳಿಗ್ಗೆ ಆರರವರೆಗೆ.

ಕಾರಿನ ಹಿಂದಿನ ಸೀಟಿನಲ್ಲಿ ಆಗಲೇ ಒಬ್ಬ ಮುದುಕಿ ಕೂತಿದ್ದಳು. ಮಡಿಲಲ್ಲಿ ಒಂದು ಗಡಿಗೆ. ಮರುದಿನ ಅವಳ ತಂಗಿಯ ಮನೆಗೆ ಬೀಗರು ಬರುವವರಿದ್ದರು. ಅವರಿಗಾಗಿ ಹಾಲಿಗೆ ಹೆಪ್ಪು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ತಂದಿದ್ದಳು.

“ಈಯಮ್ಮನ್ನ ಇಳಿಸಪ್ಪ, ಇಡೀ ಕಾರು ನನಗೇ ಬೇಕು” ಎಂದ ವ್ಯಾಪಾರಿ.

“ನಿಮ್ಮ ಮಗಳ ವಿಷಯ ಕೇಳಿಸ್ಕೊಂಡೆ. ನಾನು ಮೂಲೇಲಿ ಮುದುರ್ಕೊಂಡಿರ್ತೀನಿ. ಇಳಿಸಿ ಹತ್ತಿಸೋ ಹೊತ್ತಿಗೆ ಒಂದು ಮೈಲಿ ಹೋಗಬಹುದು, ನಡೀರಿ” ಎಂದಳು ಮುದುಕಿ.

ಹೊರಟರು. ಗೇಟಿಗೆ ಮುಂಚೆ ಕೊನೆಯ ಪೆಟ್ರೋಲ್ ಬಂಕ್. ಮಾಮೂಲಿ ಪೆಟ್ರೋಲಿಗೆ ಉದ್ದ ಸಾಲು ನಿಂತಿತ್ತು. ದುಬಾರಿ ಪೆಟ್ರೋಲಿನ ಮುಂದೆ ಯಾರೂ ಇರಲಿಲ್ಲ. ಡ್ರೈವರ್ ನೇರ ಅಲ್ಲಿಗೇ ಹೋದ. ಆರು ಲೀಟರ್ ಬೇಕಾಗುವ ದಾರಿಗೆ ನಾಲ್ಕು ಸಾಕೆಂದ.

ಪೆಟ್ರೋಲ್ ಹಾಕುವವನು ಟ್ಯಾಂಕಿನ ಮುಚ್ಚಳ ತೆರೆದು, “ಅಣ್ಣ, ಮಾಮೂಲಿದು ಹಾಕಿ ಅಂತ ಇಲ್ಲೇ ಚೀಟಿ ಅಂಟಿಸವ್ರೆ. ಇದು ಬೇರೆ ಥರದ ಎಂಜಿನ್ನಿಗೆ. ನಿಮ್ಮ ಗಾಡಿ ಇದ್ರಲ್ಲಿ ಒಂದು ಮಾರೂ ಜಾಸ್ತಿ ಓಡಲ್ಲ” ಎಂದ.

“ನೀನು ಪೈಪ್ ಹಿಡಿಯಪ್ಪ, ಸ್ಟೇರಿಂಗ್ ನಾನು ಹಿಡೀತೀನಿ” ಎಂದ ಡ್ರೈವರ್.

ಆರಕ್ಕೆ ಮೂರು ನಿಮಿಷ ಇರುವಾಗ ಗೇಟು ದಾಟಿದರು. ಅವರ ಹಿಂದೆಯೇ ಅಡ್ಡಗಂಬ ಇಳಿಯಿತು. ಆ ಸಂಜೆಗೆ ಕಾಡಿನೊಳಗೆ ಹೋದ ಕೊನೆಯ ಗಾಡಿ ಅವರದೇ.

ಆ ರಸ್ತೆಯಲ್ಲಿ ಪ್ರಾಣಿಗಳಿಗೆ ಗಾಡಿ ಬಡಿಯಬಾರದೆಂದು ಹೆಜ್ಜೆ ಹೆಜ್ಜೆಗೂ ಉಬ್ಬು ಹಾಕಿದ್ದಾರೆ. ಡ್ರೈವರ್ ಒಂದು ಉಬ್ಬಿನಿಂದ ಇನ್ನೊಂದು ಉಬ್ಬಿನವರೆಗೆ ಕಾರನ್ನು ಹಾರಿಸುತ್ತಿದ್ದ. ಉಬ್ಬಿನ ಬುಡಕ್ಕೆ ಬಂದು ಬ್ರೇಕ್ ತುಳಿಯುತ್ತಿದ್ದ. ದಾಟಿದ ಕೂಡಲೇ ಮತ್ತೆ ಆಕ್ಸಿಲರೇಟರ್ ಒತ್ತುತ್ತಿದ್ದ. ಮುಂದಿನ ಸೀಟಿನಲ್ಲಿ ವ್ಯಾಪಾರಿ “ಬೇಗ, ಬೇಗ” ಎನ್ನುತ್ತಲೇ ಇದ್ದ. ಅವನ ಕೈಗಳು ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಫೋನು ತೆಗೆದು ನೋಡುವನು. ಸಿಗ್ನಲ್ ಇಲ್ಲ. ಜೇಬಿಗೆ ಹಾಕುವನು, ಮತ್ತೆ ತೆಗೆಯುವನು.

ದಾರಿಯಲ್ಲಿ ಒಂದು ಟೊಮೆಟೊ ಲಾರಿ ಸಿಕ್ಕಿತು. ಡ್ರೈವರ್ ಹಾರ್ನ್ ಹೊಡೆದು ಅದನ್ನು ಹಿಂದೆ ಹಾಕಿದ. ನಾಲ್ಕು ಉಬ್ಬು ಕಳೆಯುವಷ್ಟರಲ್ಲಿ ಲಾರಿ ಬೆನ್ನಿಗೇ ಬಂದಿತ್ತು. ಒಂದು ಕಡೆ ಜಿಂಕೆಗಳಿಗಾಗಿ ನಿಂತಾಗ ಅದು ಮುಂದೆ ಹೋಯಿತು. ಮತ್ತೆ ಹಿಂದೆ ಹಾಕಿದ. ಮತ್ತೆ ಬಂತು.

“ಎರಡು ಸಲ ಸೋಲಿಸಿದೆ ಕಣಪ್ಪ ಆ ಲಾರಿನ. ಅದಕ್ಕಿನ್ನೂ ಗೊತ್ತೇ ಆಗಿಲ್ಲ” ಎಂದಳು ಮುದುಕಿ.



ಅರ್ಧ ದಾರಿಯೂ ಆಗಿರಲಿಲ್ಲ, ಪೆಟ್ರೋಲ್ ಮುಗಿಯುತ್ತಿದೆ ಎಂದು ತೋರಿಸುವ ಹಳದಿ ದೀಪ ಹತ್ತಿಕೊಂಡಿತು. ಡ್ರೈವರ್ ಹೆಗಲ ಮೇಲಿದ್ದ ಟವೆಲ್ ತೆಗೆದು ದೀಪ ಕಾಣದಂತೆ ಹಾಸಿದ. ಅವನ ಕಾಲು ತಾನಾಗಿ ಸಡಿಲವಾಯಿತು. ಲಾರಿ ಪಕ್ಕದಿಂದ ಹಾದು ಮುಂದೆ ಹೋಯಿತು. ಅದರ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ಎದುರಿನಿಂದ ಗಾಡಿ ಬರುವುದೂ ಅಷ್ಟರಲ್ಲಿ ನಿಂತುಹೋಗಿತ್ತು.

“ಟವೆಲ್ ಹಾಸಿದ್ಯಲ್ಲ ಮಗ, ಏನು ಮುಚ್ಚಿಟ್ಟೆ?” ಎಂದಳು ಮುದುಕಿ.

 ವ್ಯಾಪಾರಿ ಕೈ ಚಾಚಿ ಟವೆಲ್ ಎಳೆದ. ದೀಪ ನೋಡಿದ.

“ಎಷ್ಟು ದೂರ ಹೋಗುತ್ತೆ?”

“ಹೀಗೇ ಓಡಿಸಿದ್ರೆ ಹತ್ತು ಹನ್ನೊಂದು ಕಿಲೋಮೀಟರ್.”

“ಗೇಟು ಎಷ್ಟು ದೂರ?”

“ಹದಿನೆಂಟು.”

ವ್ಯಾಪಾರಿ ಬೈಯಲಿಲ್ಲ. ಬೈದಿದ್ದರೆ ಡ್ರೈವರನಿಗೆ ಹಗುರವಾಗುತ್ತಿತ್ತು. ವ್ಯಾಪಾರಿ ತನ್ನ ಎಡಗೈಯ ಮೊಣಕೈ ಮಡಚುವ ಜಾಗವನ್ನು, ಸೂಜಿ ಚುಚ್ಚುವ ಆ ಜಾಗವನ್ನು, ಬಲಗೈಯಿಂದ ಬಿಗಿಯಾಗಿ ಹಿಡಿದುಕೊಂಡ. ಒಳಗಿರುವುದು ಸೋರಿಹೋಗುತ್ತದೇನೋ ಎಂಬಂತೆ.

“ಇಳಿಜಾರಲ್ಲಿ ಎಂಜಿನ್ ಆಫ್ ಮಾಡಿ ಬಿಡ್ಲಾ?” ಎಂದು ಡ್ರೈವರ್ ತನಗೆ ತಾನೇ ಕೇಳಿಕೊಂಡ. “ಬೇಡ, ಬ್ರೇಕ್ ಕಲ್ಲಾಗುತ್ತೆ, ಸ್ಟೇರಿಂಗ್ ತಿರುಗಲ್ಲ” ಎಂದು ತಾನೇ ಉತ್ತರ ಕೊಟ್ಟುಕೊಂಡ.

ಮುದುಕಿ ಮುಂದಕ್ಕೆ ಬಾಗಿದಳು. ಗಡಿಗೆಯನ್ನು ವ್ಯಾಪಾರಿಯ ಮಡಿಲಿಗೆ ಇಟ್ಟಳು.

“ನಿಮ್ಮ ಕೈಗೆ ಕೆಲಸ ಬೇಕು, ಇದನ್ನ ಹಿಡ್ಕಳಿ. ಒಳಗೆ ತುಳುಕಿದ್ರೆ ಹೇಳಿ. ನೀನು ಕೇಳು ಮಗ. ನನಗೆ ಗಾಡಿ ಗೊತ್ತಿಲ್ಲ, ಒಲೆ ಗೊತ್ತು. ಉಬ್ಬು ಅಷ್ಟು ದೂರದಿಂದ್ಲೇ ಕಾಣುತ್ತೆ. ಆದ್ರೂ ಅದರ ಬುಡದ ತನಕ ಉರಿ ಹಾಕ್ತೀಯ, ಅಲ್ಲಿ ತುಳಿದು ನಿಲ್ಲಿಸ್ತೀಯ. ಹಾಲು ಉಕ್ಕೋ ಹಾಗೆ ಸೌದೆ ತುಂಬಿ, ಉಕ್ಕಿದ ಮೇಲೆ ನೀರು ಎರಚಿದ ಹಾಗಾಯ್ತು. ಸೌದೆ ನಿಂದೇ, ನೀರೂ ನಿಂದೇ. ಉಬ್ಬು ಕಂಡ ಕೂಡ್ಲೇ ಕಾಲು ತೆಗಿ. ಅದು ತಾನೇ ಸೋತು ನಿಧಾನ ಆಗ್ಲಿ. ದಾಟಿದ ಮೇಲೆ ಮಲಗಿರೋ ಮಗೂನ ಎತ್ಕೊಂಡ ಹಾಗೆ ಎತ್ಕೊ. ನನ್ನ ಮೊಸರು ಒಡೀಬಾರದು, ಅಷ್ಟೇ.”

“ನನ್ನ ಮಗಳು ಅಲ್ಲಿ...” ಎಂದ ವ್ಯಾಪಾರಿ.

“ಅವಳಿಗೋಸ್ಕರಾನೇ ಹೇಳ್ತಿರೋದು. ಗಡಿಗೆ ನೋಡಿ.”

ಡ್ರೈವರ್ ಏಸಿ ಆರಿಸಿದ. ಉಬ್ಬು ಕಾಣುತ್ತಲೇ ಕಾಲು ತೆಗೆದ. ಕಾರು ತನ್ನಷ್ಟಕ್ಕೆ ನಿಧಾನವಾಗಿ, ಬ್ರೇಕ್ ಇಲ್ಲದೆ ಉಬ್ಬನ್ನು ಹತ್ತಿ ಇಳಿಯಿತು. ಮತ್ತೆ ಮೆಲ್ಲಗೆ ವೇಗ ಕೂಡಿಸಿ, ಬೇಗನೆ ಮೇಲಿನ ಗೇರಿಗೆ ಹಾಕಿ, ಒಂದೇ ಸಮನೆ ಓಡಿಸಿದ. ಕಾಲು ಮಾತ್ರ ಆಗಾಗ ಒತ್ತಿಬಿಡುತ್ತಿತ್ತು. ಅಷ್ಟು ವರ್ಷ ಒತ್ತಿಯೇ ಅಭ್ಯಾಸವಾದ ಕಾಲು ಅದು. ಹಗುರವಾಗಿ ಇಡಲು ಅದಕ್ಕೆ ಬರುತ್ತಿರಲಿಲ್ಲ.

“ತುಳುಕಿತು” ಎಂದ ವ್ಯಾಪಾರಿ.

ಡ್ರೈವರ್ ಸರಿಪಡಿಸಿಕೊಂಡ.

ಇನ್ನೊಂದು ಉಬ್ಬಿನಲ್ಲಿ “ಈಗ ಸ್ವಲ್ಪವೇ” ಎಂದ ವ್ಯಾಪಾರಿ. ಅದರ ಮುಂದಿನದರಲ್ಲಿ ಏನೂ ಹೇಳಲಿಲ್ಲ. “ಬೇಗ” ಎಂಬ ಮಾತು ಆಮೇಲೆ ಅವನ ಬಾಯಿಂದ ಬರಲಿಲ್ಲ. ಬೆವರು ಮಾತ್ರ ಇಳಿಯುತ್ತಿತ್ತು. ಗಡಿಗೆ ಹಿಡಿದ ಕೈ ಬಿಟ್ಟು ಅವನು ಅದನ್ನು ಒರೆಸಿಕೊಳ್ಳಲಿಲ್ಲ.

ಹನ್ನೊಂದು ಕಿಲೋಮೀಟರ್ ಕಳೆಯಿತು. ಕಾರು ನಿಲ್ಲಲಿಲ್ಲ. 

ಆಗ ರಸ್ತೆಯ ಮೇಲೆ ಆನೆಗಳು ಕಂಡವು. ಎರಡು ದೊಡ್ಡವು, ನಡುವೆ ಒಂದು ಮರಿ. ಡ್ರೈವರ್ ದೂರದಲ್ಲೇ ನಿಲ್ಲಿಸಿದ. ಆನೆಗಳಿಗೆ ಅವಸರವಿರಲಿಲ್ಲ. ಮರಿ ರಸ್ತೆಯ ನಡುವೆ ನಿಂತು ಮಣ್ಣು ಕೆದಕಿತು. ಕಾರು ನಿಂತಲ್ಲೇ ಪೆಟ್ರೋಲ್ ಕುಡಿಯುತ್ತಿತ್ತು.

ಡ್ರೈವರ್ ಕೀಲಿಯ ಮೇಲೆ ಕೈ ಇಟ್ಟ. ಹಳೆಯ ಬ್ಯಾಟರಿ. ಆರಿಸಿದರೆ ಮತ್ತೆ ಹತ್ತಿಕೊಳ್ಳುವುದೋ ಇಲ್ಲವೋ. ಆರಿಸದಿದ್ದರೆ ಮುಂದೆಲ್ಲೋ ನಿಂತೇ ಹೋಗುವುದು. ಅವನು ವ್ಯಾಪಾರಿಯ ಮುಖ ನೋಡಿದ. ವ್ಯಾಪಾರಿ ಗಡಿಗೆ ನೋಡುತ್ತಿದ್ದ.

ಆರಿಸಿದ.

ಏಳು ನಿಮಿಷ. ಕಾಡು ಕಪ್ಪಾಗುತ್ತಾ ಬಂತು. ದೊಡ್ಡ ಆನೆ ಒಮ್ಮೆ ಕಿವಿ ಅರಳಿಸಿ ಕಾರಿನ ಕಡೆ ತಿರುಗಿತು.  ಆಮೇಲೆ ಅದು ಸೊಂಡಿಲಿನಿಂದ ಮರಿಯನ್ನು ದೂಡಿತು. ಮೂರೂ ಬಿದಿರಿನ ಮೆಳೆಗೆ ಇಳಿದವು.

ಡ್ರೈವರ್ ಕೀಲಿ ತಿರುಗಿಸಿದ. ಎಂಜಿನ್ ಕೊರಗಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದ. ಕೊರಗಿತು. ಮುದುಕಿ ಸೀಟಿನ ಬೆನ್ನನ್ನು ದನದ ಬೆನ್ನು ಸವರುವಂತೆ ಸವರಿದಳು. ಮೂರನೆಯ ಸಲ ಹತ್ತಿತು.

ಗೇಟಿನ ದೀಪ ಕಂಡಿತು. ಅಡ್ಡಗಂಬ ಮೇಲೆದ್ದಿತು. ಕಾರು ಅದರ ಕೆಳಗೆ ಹಾದುಹೋಯಿತು, ಎರಡು ಸಲ ಕೆಮ್ಮಿತು, ನಿಂತಿತು.

ಆಸ್ಪತ್ರೆ ಇನ್ನೂ ನಾಲ್ಕು ಕಿಲೋಮೀಟರ್ ಇತ್ತು. ಆದರೆ ಗೇಟಿನ ಪಕ್ಕದಲ್ಲಿ ಟೊಮೆಟೊ ಲಾರಿ ನಿಂತಿತ್ತು. ಅದನ್ನು ತಪಾಸಣೆ ಮಾಡಿ ಆಗತಾನೇ ಬಿಡುತ್ತಿದ್ದರು.

“ಏನ್ ಗುರು, ಹಾರ್ನ್ ಎಲ್ಲಿ ಹೋಯ್ತು?” ಎಂದ ಲಾರಿಯವನು. ವ್ಯಾಪಾರಿಯ ಮುಖ ನೋಡಿ ತಮಾಷೆ ಬಿಟ್ಟ. ಬಾಗಿಲು ತೆರೆದು ಕೈ ಕೊಟ್ಟು ಹತ್ತಿಸಿಕೊಂಡ. ವ್ಯಾಪಾರಿ ಗಡಿಗೆಯನ್ನು ಮುದುಕಿಯ ಕೈಗೆ ಕೊಟ್ಟಿದ್ದು ಅವನಿಗೇ ನೆನಪಿಲ್ಲ. ಆದರೆ ಎರಡೂ ಕೈಯಿಂದ ಕೊಟ್ಟ.

ಗುರುಗಳು ಇಲ್ಲಿಗೆ ನಿಲ್ಲಿಸಿ ಇನ್ನೊಂದು ಹಿಡಿ ಕಾಯಿ ತೆಗೆದುಕೊಂಡರು.

“ಆಮೇಲೆ?” ಎಂದ ಶಿಷ್ಯ. “ಮಗಳು ಉಳಿದಳೇ?”

“ಉಳಿದಳು. ಹೆಣ್ಣು ಮಗು. ಅದೀಗ ಅಜ್ಜನ ಅಂಗಡಿಯಲ್ಲಿ ಬಳೆ ಚೆಲ್ಲಾಡುತ್ತದೆ. ವ್ಯಾಪಾರಿ ಇವತ್ತಿಗೂ ಎಲ್ಲರಿಗೂ ಬೇಗ ಬೇಗ ಎನ್ನುತ್ತಾನೆ. ಕಾರಿನಲ್ಲಿ ಕೂತರೆ ಮಾತ್ರ ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಳ್ಳುತ್ತಾನೆ, ಏನೋ ಹಿಡಿದುಕೊಂಡವನಂತೆ. ಮುದುಕಿ ತಂಗಿಯ ಮನೆಯಲ್ಲಿ ಗಡಿಗೆಯ ಬಟ್ಟೆ ಬಿಚ್ಚಿದಳು. ಮೊಸರು ಮೇಲೆ ಸ್ವಲ್ಪ ನೀರು ಬಿಟ್ಟಿತ್ತು, ತಳದಲ್ಲಿ ಗಟ್ಟಿಯಾಗಿತ್ತು. ಬೀಗರು ಎರಡು ಸಲ ಹಾಕಿಸಿಕೊಂಡರು. ಎರಡು ವರ್ಷದ ಮೇಲೆ ಅವಳು ನಿದ್ದೆಯಲ್ಲೇ ತೀರಿಕೊಂಡಳು. ಟೊಮೆಟೊ ಲಾರಿ ಈಗಲೂ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಓಡುತ್ತಿದೆ.”

“ಡ್ರೈವರ್?”

“ಮಾಮೂಲಿ ಪೆಟ್ರೋಲ್ ಹಾಕಿಸುತ್ತಾನೆ. ಮೊದಲಿಗಿಂತ ದೂರ ಹೋಗುತ್ತಾನೆ. ಒಮ್ಮೊಮ್ಮೆ ಖಾಲಿ ರಸ್ತೆ ಕಂಡರೆ ಕಾಲು ಮಾತು ಕೇಳುವುದಿಲ್ಲ. ಆಗ ಹಿಂದಿನ ಸೀಟಿನ ಕಡೆ ತಿರುಗಿ ನೋಡುತ್ತಾನೆ. ಅಲ್ಲಿ ಯಾರೂ ಇರುವುದಿಲ್ಲ. ಆದರೂ ಕಾಲು ತೆಗೆಯುತ್ತಾನೆ.”

 ಬಂದ ಕೆಲಸ ಶಿಷ್ಯನಿಗೆ ನೆನಪಾಯಿತು.

“ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನಗೆ ಹೊತ್ತಾಯಿತು. ನೀರು ತುಂಬಬೇಕು, ಹೂವು ತರಬೇಕು, ಪಾಠ ಒಪ್ಪಿಸಬೇಕು. ಆ ದೊಡ್ಡ ಮಂತ್ರವನ್ನು ಈಗಲೇ ಕೊಟ್ಟುಬಿಟ್ಟರೆ...”

ಗುರುಗಳು ಮೊರದ ಕಡೆ ನೋಡಿದರು. ಶಿಷ್ಯನೂ ನೋಡಿದ. ಸುಲಿದ ಕಾಳೆಲ್ಲ ಮೊರದಲ್ಲಿ ಗಡಗಡ ನಡುಗುತ್ತಿದ್ದವು. ಕತೆ ಶುರುವಾದಾಗಿನಿಂದ ಅವನ ಬಲಗಾಲು ಕುಣಿಯುತ್ತಲೇ ಇತ್ತು.

“ಕೊಡೋಣ ಮಗು,” ಎಂದರು ಗುರುಗಳು, “ಮೊದಲು ಆ ಕಾಲು ತೆಗಿ.”

ಕಾಳು ನಿಂತವು. ಆ ಶಿಷ್ಯ ಬಹಳ ವರ್ಷ ಬದುಕಿದ, ದೊಡ್ಡ ಮಂತ್ರವನ್ನು ಮತ್ತೆ ಕೇಳಲಿಲ್ಲ.