ಹಾಸಿನ ಬೀದಿಗೆ ಮುರಿಗೆವ್ವ ತಾಯಿಯವರು ಬಂದದ್ದು

ಆ ದೊಡ್ಡ ಕುಂಚಕ್ಕೆ ನಮ್ಮೂರಿನಲ್ಲಿ ಬೇರೆಯೇ ಒಂದು ಹೆಸರಿತ್ತು. ಕುಂಚಲ... ಅಲ್ಲ. ಕೂಚ... ಅದೂ ಅಲ್ಲ. ಎರಡೂ ಕೈಯಲ್ಲಿ ಹಿಡಿಯಬೇಕಾದಷ್ಟು ಅಗಲ, ಗಟ್ಟಿ ನಾರಿನ ಹಲ್ಲು. ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ, ಹೊರಗೆ ಬರುವುದಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಈ ದೂರದ ಊರಿನಲ್ಲಿ, ಮಗಾ, ನಿನ್ನೊಬ್ಬನ ಹೊರತು ಕನ್ನಡ ಆಡುವವರೇ ಇಲ್ಲ. ಇರಲಿ, ಕುಂಚವೆಂದೇ ಕರೆಯೋಣ. ಪೂಜ್ಯ ಮುರಿಗೆವ್ವ ತಾಯಿಯವರು ಒಂದು ಮುಂಜಾನೆ ಅಂಥದೊಂದು ಕುಂಚವನ್ನು ಹಿಡಿದು ನಮ್ಮ ಬೀದಿಯಲ್ಲಿ ನಿಂತರು. ಆ ಪ್ರಸಂಗವನ್ನು ನನ್ನ ಸೋದರಮಾವ ಅಂದಾನೆಪ್ಪನ ಬಾಯಿಂದ ಕೇಳಿದ ಹಾಗೆಯೇ ಇಲ್ಲಿ ನಿವೇದಿಸುತ್ತೇನೆ.

ಮಲಪ್ರಭೆಯ ದಂಡೆಯ ಬಾಚಿಗುಡ್ಡ ನೇಕಾರರ ಊರು. ನೇಕಾರರ ಬೀದಿ ಮುಗಿಯುವಲ್ಲಿ ಬೇವಿನ ಮರದ ಕೆಳಗೆ ಒಂದು ಮಣ್ಣಿನ ಕೋಣೆ. ತಾಯಿಯವರ ಮಠವೆಂದರೆ ಅಷ್ಟೇ. ಒಂದು ಕಂಬಳಿ, ಒಂದು ನೀರಿನ ಕೊಡ, ಗೂಡಿನಲ್ಲಿ ಒಂದು ದೀಪ. ತಾಯಿಯವರು ಹುಟ್ಟಿನಿಂದ ನೇಕಾರರಲ್ಲ. ಎಲ್ಲಿಂದಲೋ ನಡೆದು ಬಂದು ಅಲ್ಲಿ ನೆಲೆಸಿದವರು. ಮಾತು ಬಹಳ ಕಡಿಮೆ. ಬಂದವರಿಗೆ ಭಸ್ಮ ಕೊಡುತ್ತಿದ್ದರು, ಹಸಿದವರಿಗೆ ರೊಟ್ಟಿ ಕೊಡುತ್ತಿದ್ದರು. ಉಪದೇಶ ಕೊಡಿರೆಂದು ಬೇಡಿದರೆ ನಕ್ಕು ಸುಮ್ಮನಾಗುತ್ತಿದ್ದರು.

ಆ ಕಾಲದಲ್ಲಿ ಹಾಸಿನ ನೂಲಿಗೆ ಗಂಜಿ ಹಿಡಿಸುವುದು ಇಡೀ ಬೀದಿಯ ಕೆಲಸ. ಸೀರೆಗೆ ಉದ್ದಕ್ಕೆ ಬರುವ ನೂಲೇ ಹಾಸು. ಅದನ್ನು ರಾತ್ರಿ ಗಂಜಿಯಲ್ಲಿ ನೆನೆಸಿ, ಬೆಳಕು ಮೂಡುವಾಗ ಬೀದಿಯ ಉದ್ದಕ್ಕೂ ಕತ್ತರಿಯಾಗಿ ನೆಟ್ಟ ಬಿದಿರುಗಳ ಮೇಲೆ ಎಳೆದು ಕಟ್ಟುತ್ತಿದ್ದರು. ಆಮೇಲೆ ಹಾಸಿನ ಎರಡೂ ಬದಿಗೆ ಜೋಡಿ ಜೋಡಿಯಾಗಿ, ಎದುರುಬದುರಾಗಿ ನಿಂತು ಕುಂಚ ಎಳೆಯುತ್ತಾ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಎಲ್ಲರೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಒಂದು ಜೋಡಿ ಮುಂದೆ ಓಡಿದರೆ ನಡುವೆ ಉಳಿದ ಗಂಜಿ ಹಾಗೇ ಒಣಗಿ ಎಳೆಗೆ ಎಳೆ ಅಂಟಿಬಿಡುತ್ತದೆ. ಅಂಟಿದ ಹಾಸು ಮಗ್ಗಕ್ಕೆ ಏರುವುದಿಲ್ಲ. ಬಿಸಿಲು ಚುರುಕಾಗುವ ಮೊದಲು ಮುಗಿಸಬೇಕು. ಯಾರ ಮನೆಯ ಹಾಸಾದರೂ ಬೀದಿಯವರೆಲ್ಲ ಕುಂಚ ಹಿಡಿದು ಬರುವುದು ಪದ್ಧತಿಯಾಗಿತ್ತು.

ಈ ತಂಡಕ್ಕೆ ಅಂದಾನೆಪ್ಪನ ತಂದೆ ಮುಖ್ಯಸ್ಥರು. ಅವರು ತೀರಿಕೊಂಡಾಗ ಅಂದಾನೆಪ್ಪ ಸೊಲ್ಲಾಪುರದ ಗಿರಣಿಯ ಕೆಲಸ ಬಿಟ್ಟು ಬಂದು ತಂದೆಯ ಜಾಗಕ್ಕೆ ನಿಂತ. ತರುಣ, ಚುರುಕು ಬುದ್ಧಿಯವ. ಗಿರಣಿಯಲ್ಲಿ ಜನರನ್ನು ದುಡಿಸುವುದು ಹೇಗೆಂದು ನೋಡಿ ಬಂದಿದ್ದ. ಬರುವಾಗ ಒಂದು ಸೀಟಿಯನ್ನೂ ತಂದಿದ್ದ. ವೇಗದವರನ್ನೆಲ್ಲ ಮುಂದಿನ ಜೋಡಿಗಳಿಗೆ ಹಾಕಿದ, ನಿಧಾನದವರನ್ನು ಹಿಂದಕ್ಕೆ ತಳ್ಳಿದ, ತಾನು ಎಲ್ಲರಿಗಿಂತ ಮುಂದೆ ನಿಂತು ಹೆಜ್ಜೆ ಹೆಜ್ಜೆಗೂ ಸೀಟಿ ಊದಿದ.

ಮುಂದಿನ ಜೋಡಿಯ ದ್ಯಾಮವ್ವ ಬಾಯಿ ಜೋರಿನ ಹೆಂಗಸು. "ಏನೋ ಕಂಡಕ್ಟರಾ, ಬಸ್ಸು ಎಲ್ಲಿ ತನಕಾ ಹೋಗತೈತಿ? ಟಿಕೀಟು ಕೊಡವಲ್ಲಿ!" ಎಂದಳು. ಬೀದಿಯೇ ನಕ್ಕಿತು. ಅಂದಾನೆಪ್ಪ ನಗಲಿಲ್ಲ.

ಮೊದಲ ಹಾಸು ನಡುವೆ ಅಂಟಿತು. ಎರಡನೆಯದೂ ಅಂಟಿತು. ಹಿಂದಿನವರದೇ ತಪ್ಪೆಂದು ಅಂದಾನೆಪ್ಪನಿಗೆ ಅನ್ನಿಸಿತು. ಹಿಂದಿನವರಲ್ಲಿ ಎಲ್ಲರಿಗಿಂತ ನಿಧಾನ ಕಲ್ಲಪ್ಪಜ್ಜ. ತಂದೆಯ ಗೆಳೆಯರು, ಉಬ್ಬಸದ ಮನುಷ್ಯ, ಹತ್ತು ಹೆಜ್ಜೆ ಹಾಕಿದರೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುವವರು. "ಅಜ್ಜಾ, ನಾಳಿಂದ ನೀವು ಮನ್ಯಾಗ ಇರ್ರಿ. ನಿಮ್ಮ ಕಾಲಾಗ ಕೆಲಸಾ ಕೆಡತೈತಿ" ಎಂದ, ಎಲ್ಲರ ಎದುರಿಗೆ.

ಕಲ್ಲಪ್ಪಜ್ಜ ಕುಂಚ ಹೆಗಲಿಗೇರಿಸಿ ನಡೆದರು. ಅವರ ಹಿಂದೆ ಒಬ್ಬೊಬ್ಬರೇ ನಡೆದರು. ಕೊನೆಗೆ ದ್ಯಾಮವ್ವನೂ, "ನನ್ನ ಕಾಲು ಇವತ್ತ ಚಲೋ ಅದಾವ. ನಾಳೆ ಸೋತರ ನನಗೂ ಇದೇ ಮಾತ ಅಲ್ಲೇನು?" ಎಂದು ಹೊರಟಳು.

ಅಷ್ಟರಲ್ಲಿ ಮೂರನೆಯ ಹಾಸಿನ ನೂಲು ಗಂಜಿಗೆ ಬಿದ್ದಾಗಿತ್ತು. ಮರುದಿನ ಬೆಳಗ್ಗೆ ಎಳೆಯದಿದ್ದರೆ ಅದು ಹುಳಿತು ಹೋಗುತ್ತದೆ. ಇದೂ ಕೆಟ್ಟರೆ ಮುಂದೆ ಬಾಚಿಗುಡ್ಡಕ್ಕೆ ನೂಲು ಕಳಿಸುವುದಿಲ್ಲವೆಂದು ವ್ಯಾಪಾರಿ ಹೇಳಿ ಹೋಗಿದ್ದ. ನೂಲಿಲ್ಲದಿದ್ದರೆ ಮಗ್ಗವಿಲ್ಲ, ಮಗ್ಗವಿಲ್ಲದಿದ್ದರೆ ಬೀದಿಯೇ ಗಂಟುಮೂಟೆ ಕಟ್ಟಿ ಗಿರಣಿಗಳ ದಾರಿ ಹಿಡಿಯಬೇಕು. ಅಂದಾನೆಪ್ಪ ಆ ಸಂಜೆ ಮನೆ ಮನೆಗೆ ಹೋದ. ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ, ಎಲ್ಲರೂ ನೀರು ಕೊಟ್ಟು ಕೂರಿಸಿದರು. ಬರುತ್ತೇನೆಂದು ಮಾತ್ರ ಯಾರೂ ಹೇಳಲಿಲ್ಲ. ಕಲ್ಲಪ್ಪಜ್ಜನ ಮನೆಗೆ ಹೋಗಲು ಅವನಿಗೆ ಮುಖವಿರಲಿಲ್ಲ.

ಮಠದ ಕಡೆಗೆ ಎಂದೂ ತಲೆ ಹಾಕದವನು ಅಂದು ತಾಯಿಯವರ ಬಾಗಿಲಿಗೆ ಬಂದ. ಕೈಮುಗಿಯಲಿಲ್ಲ, ನಿಂತೇ ಮಾತಾಡಿದ. "ಅವ್ವಾರ, ನನಗ ಭಸ್ಮ ಬ್ಯಾಡ್ರಿ. ಊರು ನಿಮ್ಮ ಮಾತು ಕೇಳತೈತಿ. ನಾಳೆ ಬರ್ರಿ ಅಂತ ಅವರಿಗೆ ನೀವು ಒಂದು ಮಾತು ಹೇಳ್ರಿ, ಸಾಕು."

ತಾಯಿಯವರು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ತಲೆಯೆತ್ತಿ ಅವನನ್ನು ನೋಡಿದರು. "ನಾ ಹೇಳಿದರ ಬರತಾರ, ತಮ್ಮಾ. ಆಚೀ ನಾಳೆ ಮತ್ತ ನಾನೇ ಹೇಳಬೇಕಾಕ್ಕತಿ." ಹೊಸೆದ ಬತ್ತಿಯನ್ನು ದೀಪಕ್ಕಿಟ್ಟು ಕೇಳಿದರು: "ಒಂದಾಳು ಕಡಿಮಿ ಐತೆಂತಲ್ಲ. ನನಗೊಂದು ಕುಂಚ ಕೊಡತೀಯೇನು?"

ಅಂದಾನೆಪ್ಪನಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ತಾಯಿಯವರಿಗೆ ಕುಂಚ ಹಿಡಿದು ಗೊತ್ತಿಲ್ಲ, ವಯಸ್ಸೂ ಆಗಿದೆ. ಆದರೂ ತಂದೆಯ ಕುಂಚವನ್ನೇ ತಂದುಕೊಟ್ಟ.

ಮರುದಿನ ಇನ್ನೂ ಚುಮುಚುಮು ಬೆಳಕು. ಅಂದಾನೆಪ್ಪ ಮನೆಯವರೊಂದಿಗೆ ಹಾಸನ್ನು ಬೀದಿಯಲ್ಲಿ ಎಳೆದು ಕಟ್ಟಿದ್ದ. ತಾಯಿಯವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನೇರವಾಗಿ ಎಲ್ಲರ ಹಿಂದಿನ ಜಾಗದಲ್ಲಿ, ಕಲ್ಲಪ್ಪಜ್ಜ ನಿಲ್ಲುತ್ತಿದ್ದ ಜಾಗದಲ್ಲಿ ನಿಂತರು. ಕಸ ಗುಡಿಸಲು ಬಂದ ಹೆಂಗಸೊಬ್ಬಳು ಕಂಡು, "ಅಯ್ಯ ನಮ್ಮವ್ವಾ!" ಎಂದು ಪೊರಕೆ ಬಿಸಾಕಿ ಒಳಗೋಡಿದಳು. ಮಾತು ಬೀದಿಯುದ್ದಕ್ಕೂ ಹರಿಯಿತು. ಬಾಗಿಲುಗಳು ತೆರೆದವು. ಒಬ್ಬೊಬ್ಬರೇ ಕುಂಚ ಹಿಡಿದು ಬಂದು ತಾಯಿಯವರಿಗೆ ನಮಸ್ಕರಿಸಿ ತಮ್ಮ ತಮ್ಮ ಜಾಗಕ್ಕೆ ನಿಂತರು. ಕಲ್ಲಪ್ಪಜ್ಜ ಮಾತ್ರ ಬರಲಿಲ್ಲ. ಅವರು ಬೇಡವೆನ್ನಿಸಿಕೊಂಡವರು.

ಅಂದಾನೆಪ್ಪ ಮುಂದೆ ನಿಂತು ಸೀಟಿ ಊದಿದ. ಯಾರೂ ಕದಲಲಿಲ್ಲ. ಹಿಂದೆ ತಾಯಿಯವರು ಕುಂಚ ಎತ್ತಿದರು, ಅವರೊಂದಿಗೆ ಎಲ್ಲ ಕುಂಚಗಳೂ ಎದ್ದವು. ತಾಯಿಯವರು ಒಂದು ಹೆಜ್ಜೆ ಇಟ್ಟರು, ಬೀದಿ ಒಂದು ಹೆಜ್ಜೆ ಇಟ್ಟಿತು. ಅವರು ತಪ್ಪಾಗಿ ಎಳೆದರೆ ಪಕ್ಕದವಳು ತನ್ನ ಕೆಲಸದ ಜೊತೆಗೆ ಅದನ್ನೂ ತಿದ್ದುತ್ತಿದ್ದಳು. ಊರಿಗೇ ವೇಗದ ದ್ಯಾಮವ್ವ ಕತ್ತು ಹೊರಳಿಸಿ ಹಿಂದೆ ನೋಡುತ್ತಾ, ಕಾಲು ಹಿಡಿದಿಡಿದು ನಡೆದಳು. ಅಂದಾನೆಪ್ಪನೊಬ್ಬನೇ ನಾಲ್ಕು ಮಾರು ಮುಂದಿದ್ದ. ಅವನಿಗೂ ಸಾಲಿಗೂ ನಡುವೆ ಉಳಿದ ಭಾಗ ಅವನ ಕಣ್ಣೆದುರಿಗೇ ಒಣಗಿ ಅಂಟತೊಡಗಿತು. ಅವನು ಸೀಟಿಯನ್ನು ಕಿಸೆಗೆ ಹಾಕಿ, ಹಿಂದೆ ಬಂದು, ಸಾಲಿನಲ್ಲಿ ಸೇರಿಕೊಂಡ.

ಎರಡು ಸಲ ಹೋಗಿ ಬಂದರು. ಗಂಜಿ ಇನ್ನೂ ಹಸಿಯಿತ್ತು, ಮೂಡಣದಲ್ಲಿ ಸೂರ್ಯ ಕಾಣಿಸಿದ. ತಾಯಿಯವರ ಕುಂಚ ನಿಧಾನವಾಗತೊಡಗಿತ್ತು. ಅವರು ನಿಂತರೆ ಇಡೀ ಸಾಲು ನಿಲ್ಲುತ್ತದೆ, ಸಾಲು ನಿಂತರೆ ಹಾಸು ಹೋಯಿತು. ಅಂದಾನೆಪ್ಪ ಅದನ್ನು ನೋಡಿದ. ತಾಯಿಯವರು ಕುಂಚ ಬಿಡದೆಯೇ ಅವನನ್ನು ಕರೆದರು.

"ತಮ್ಮಾ, ನನ್ನ ಕೈ ಸೋತಾವು. ಈ ಜಾಗಾ ಯಾರದೋ ಅವರನ್ನ ಕರಕೊಂಡು ಬಾ."

ಅಂದಾನೆಪ್ಪ ತನ್ನ ಕುಂಚವನ್ನು ಪಕ್ಕದವರ ಕೈಗಿತ್ತು ಓಡಿದ. ಚಪ್ಪಲಿ ಎಲ್ಲೋ ಬಿದ್ದುಹೋಯಿತು. ಹಾದಿಯುದ್ದಕ್ಕೂ ಏನು ಹೇಳಬೇಕೆಂದು ಮಾತು ಕಟ್ಟುತ್ತಾ ಹೋದನಂತೆ. ಕಲ್ಲಪ್ಪಜ್ಜನ ಮನೆ ಮುಟ್ಟುವಷ್ಟರಲ್ಲಿ ಒಂದೂ ಉಳಿಯಲಿಲ್ಲ.

ಅಜ್ಜ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ನೀರಿನ ಬೋಗುಣಿ, ಅದರಲ್ಲಿ ಅವರ ಕುಂಚ. ಒಣ ಕುಂಚ ಎಳೆಯನ್ನು ಹರಿಯುತ್ತದೆಂದು ನಸುಕಿನಲ್ಲೇ ಅದನ್ನು ನೆನೆಯಿಟ್ಟು ಕಾದಿದ್ದರು. ಅಂದಾನೆಪ್ಪ ಬಾಗಿ ಅವರ ಕಾಲು ಹಿಡಿದ.

"ನನ್ನ ಬಾಗಿಲಾಗ ಸೀಟಿ ಊದಲಿಲ್ಲಲ್ಲೋ," ಎಂದರು ಅಜ್ಜ. "ಮತ್ತ ನಾ ಹೆಂಗ ಏಳಬೇಕು?"

"ಅಜ್ಜಾ, ತಪ್ಪಾತ್ರಿ..."

"ಅದನ್ನ ಆಮ್ಯಾಲೆ ಹೇಳೀವಂತಿ. ನಡಿ, ಬಿಸಲು ಏರತೈತಿ. ರಟ್ಟಿ ಹಿಡಿ, ಉಬ್ಬಸ ಭಾಳ ಐತಿ."

ಅವರ ತೋಳು ಹಿಡಿದು ನಡೆಸಿಕೊಂಡು ಬಂದ. ಓಡಿ ಹೋದ ದಾರಿಯನ್ನು ಅಜ್ಜನ ಹೆಜ್ಜೆಗೆ ಹೆಜ್ಜೆಯಿಟ್ಟು ಬರುವಾಗ ಅವನಿಗೆ ಮೊದಲ ಬಾರಿಗೆ, ತನ್ನ ತಂದೆ ಮುಖ್ಯಸ್ಥರಾಗಿದ್ದೂ ಯಾವಾಗಲೂ ಕೊನೆಯ ಜೋಡಿಯಲ್ಲಿ ಈ ಮನುಷ್ಯನ ಎದುರಿಗೇ ಏಕೆ ನಿಲ್ಲುತ್ತಿದ್ದರೆಂಬುದು ಹೊಳೆಯಿತು. ತಾಯಿಯವರು ಜಾಗ ಬಿಟ್ಟುಕೊಟ್ಟರು. ಕಲ್ಲಪ್ಪಜ್ಜ ನಿಂತರು. ಅವರ ಎದುರಿನವನನ್ನು ಅಂದಾನೆಪ್ಪ ಮುಂದೆ ಕಳುಹಿಸಿ ತಾನು ಅಲ್ಲಿ ನಿಂತ. ಅಜ್ಜ ಉಸಿರು ತೆಗೆದುಕೊಳ್ಳಲು ನಿಂತಾಗ ಅವನು "ಹೋ" ಎಂದು ಮೆಲ್ಲಗೆ ಅನ್ನುತ್ತಿದ್ದ. ಮುಂದಿನವರು ಕಾಲು ತಡೆದು ನಿಂತಲ್ಲೇ ಕುಂಚ ಎಳೆಯುತ್ತಿದ್ದರು. ಎಳೆಗಳು ಒಂದೊಂದಾಗಿ ಬಿಡಿಸಿಕೊಂಡು, ಬಿಸಿಲು ಬೀದಿಗೆ ಇಳಿಯುವ ಹೊತ್ತಿಗೆ ಹಾಸು ಹೊಳೆಯುತ್ತಿತ್ತು.

ಅಂದಾನೆಪ್ಪ ತಾಯಿಯವರ ಪಾದಕ್ಕೆ ಬಿದ್ದು, "ಅವ್ವಾರ, ನನಗ ಏನಾರ ಒಂದು ಮಾತು ಹೇಳ್ರಿ" ಎಂದು ಬೇಡಿದ. ತಾಯಿಯವರು ಬೆರಳಿಗೆ ಮೆತ್ತಿದ ಗಂಜಿಯನ್ನು ಬಿಡಿಸಿಕೊಳ್ಳುತ್ತಿದ್ದರು. "ಅಜ್ಜಗ ನೀರು ಕೊಡು" ಎಂದರು. ಬೇವಿನ ಮರದ ಕಡೆಗೆ ನಡೆದುಬಿಟ್ಟರು.

ಅಂದಿನಿಂದ ನಮ್ಮ ಮಾವ ಬದುಕಿರುವ ತನಕ ಕೊನೆಯ ಜೋಡಿಯಲ್ಲೇ ನಿಂತ. ಸೀಟಿಯನ್ನು ದ್ಯಾಮವ್ವನ ಮೊಮ್ಮಗುವಿಗೆ ಆಡಲು ಕೊಟ್ಟ. ಎಷ್ಟು ಹಾಸು ಎಳೆದರೋ, ಎಷ್ಟು ಮನೆಗಳ ಮದುವೆ ಸೀರೆ ಅವುಗಳಿಂದ ಬಂದವೋ. ನಾನು ಚಿಕ್ಕವಳಿದ್ದಾಗ ಗಂಜಿಯ ಆ ಹುಳಿವಾಸನೆ, ಕುಂಚಗಳ ಸರಕ್ ಸರಕ್ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಈಗ ನೂಲು ಗಂಜಿ ಹಿಡಿದುಕೊಂಡೇ ಬರುತ್ತದಂತೆ. ಬೀದಿ ಬೆಳಗ್ಗೆ ಬರಿದಾಗಿರುತ್ತದಂತೆ.

ಮಗಾ ಶಂಕ್ರಿ, ಕೆಲಸದಲ್ಲಿ ನಿನ್ನ ಕೈಕೆಳಗೆ ಜನ ಬಂದಿದ್ದಾರೆಂದು ಹೇಳಿದೆಯಲ್ಲ, ಅದಕ್ಕೇ ಇದನ್ನು ಹೇಳಿದೆ. ನನ್ನ ಕಣ್ಣು ಸಾಲದು, ನೀನೇ ಬರೆದುಕೋ. ಹಾಸು ಎಳೆದವರ ಹೆಸರುಗಳನ್ನು ಅವರು ಅಂದು ನಿಂತ ಸಾಲಿನಂತೆಯೇ ಹೇಳುತ್ತೇನೆ, ಒಬ್ಬರ ಹೆಸರೂ ಬಿಡಬೇಡ. ಕೊನೆಯ ಜೋಡಿಯಿಂದ ಶುರು ಮಾಡು.