ಡಬ್ಬದ ಜಂಬ, ಸೀಬೆಯ ತುಂಡು

ಕಮಲಾಕ್ಷಮ್ಮ ಪ್ಲಾಸ್ಟಿಕ್ ಡಬ್ಬವೊಂದಕ್ಕೆ ಕಾದ ಸರಳಿನಿಂದ ಗಾಳಿತೂತು ಕೊರೆದು, ಅದರಲ್ಲಿ ಬಿಳಿ ಇಲಿ ಸಾಕಿದ್ದರು. ಕಡಿಯಲೆಂದು ಸೀಬೆಮರದ ತುಂಡನ್ನೂ ಇಟ್ಟಿದ್ದರು. ಇಲಿ ಸದಾ ಆ ತುಂಡನ್ನೇ ಕಡಿಯುತ್ತಿತ್ತು. ಅದನ್ನು ಕಂಡು ಡಬ್ಬಕ್ಕೆ ಜಂಬ ನೆತ್ತಿಗೇರಿತು.

"ನೋಡಿದೆಯಾ? ಎರಡು ತಿಂಗಳಾದರೂ ನನ್ನ ಮೈ ಮುಟ್ಟುವ ಧೈರ್ಯ ಇಲಿಗಿಲ್ಲ. ನೀನೋ, ಹೊಟ್ಟು ಉದುರಿಸಿ ನನ್ನ ನೆಲವೆಲ್ಲ ಗಲೀಜು ಮಾಡುತ್ತೀಯ. ತೊಲಗು!" ಎಂದಿತು ತುಂಡಿಗೆ.

"ಅಪ್ಪಣೆ," ಎಂದಿತು ತುಂಡು.

ಮರುದಿನ ಡಬ್ಬ ತೊಳೆಯುವಾಗ ಕಮಲಾಕ್ಷಮ್ಮ ಸವೆದ ತುಂಡನ್ನು ಎಸೆದರು. ಡಬ್ಬ ಹಿಗ್ಗಿತು. ಮಧ್ಯಾಹ್ನ ಇಲಿ ಬಂದು ಗಾಳಿತೂತಿನ ಅಂಚಿಗೆ ಹಲ್ಲಿಟ್ಟಿತು.

"ಏನಯ್ಯಾ ಇದು! ನನ್ನ ಮೇಲಿದ್ದ ಭಯ ಎಲ್ಲಿ ಹೋಯಿತು?" ಡಬ್ಬ ಚೀರಿತು.

"ಭಯವೇ? ಬೆಳೆಯುವ ಹಲ್ಲು ಸ್ವಾಮಿ, ಏನನ್ನಾದರೂ ಕಡಿಯಲೇಬೇಕು. ಇಷ್ಟು ದಿನ ಸೀಬೆ ಇತ್ತು. ನಿಜ ಹೇಳಬೇಕೆಂದರೆ, ನೀವು ಬರೀ ಸಪ್ಪೆ," ಎಂದು ಇಲಿ ವಿನಯದಿಂದಲೇ ಕಡಿಯುತ್ತಾ ಹೋಯಿತು.

ಸಂಜೆಯ ಹೊತ್ತಿಗೆ ತೂತು ಕಿಟಕಿಯಾಗಿತ್ತು. ಕಮಲಾಕ್ಷಮ್ಮ ಅದಕ್ಕೆ ತಂತಿಬಲೆಯ ತೇಪೆ ಹಾಕಿ, ಸೀಬೆಯ ಹೊಸ ತುಂಡೊಂದನ್ನು ಒಳಗಿಟ್ಟರು.

"ಬನ್ನಿ, ಬನ್ನಿ," ಎಂದಿತು ಡಬ್ಬ. "ನೆಲದ ಚಿಂತೆ ಬೇಡ. ಹೊಟ್ಟು ಎಷ್ಟು ಬೇಕಾದರೂ ಉದುರಿಸಿ."