ತಾಯಿ ಬಿತ್ತು

ನದಿ ದಂಡೆಯ ಆ ಆಶ್ರಮದಲ್ಲಿ ವೃಷಭೇಂದ್ರನಷ್ಟು ಚೊಕ್ಕವಾಗಿ ಮಾತಾಡುವ ಶಿಷ್ಯ ಇನ್ನೊಬ್ಬನಿರಲಿಲ್ಲ. ವ್ಯಾಕರಣ ಅವನಿಗೆ ಅಂಗೈ ನೆಲ್ಲಿಕಾಯಿ. ಯಾರ ಬಾಯಲ್ಲಾದರೂ ಒಂದಕ್ಷರ ತಪ್ಪಿದರೆ ಊಟದ ಎಲೆ ಮುಂದೆಯೂ ಬಿಡದೆ ತಿದ್ದುತ್ತಿದ್ದ.

ಅಡುಗೆಯ ಚೆನ್ನಾಜಮ್ಮನ ಮಗಳು ಗಿರಿಜೆಗೆ ಐದು ತುಂಬುತ್ತಿತ್ತು. ಅವಳ ಬಾಯಲ್ಲಿ ‘ಕ’ ಹೋಗಿ ‘ತ’ ಆಗುತ್ತಿತ್ತು, ‘ಗ’ ಹೋಗಿ ‘ದ’ ಆಗುತ್ತಿತ್ತು. ‘ರ’ದ ಗೊಡವೆಗೆ ಅವಳು ಹೋಗುತ್ತಲೇ ಇರಲಿಲ್ಲ. ಬೆಕ್ಕು ಬೆತ್ತು, ಕಾಗೆ ತಾದೆ. ‘ಉಸಬೇಂದಣ್ಣ’ ಅಂತ ಅವಳು ಕರೆದಾಗಲೆಲ್ಲ ವೃಷಭೇಂದ್ರನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

“ಇವಳ ಮಾತು ನಾನು ಸರಿಮಾಡುತ್ತೇನೆ,” ಎಂದ.

ದಿನಾ ಬೆಳಿಗ್ಗೆ ಎದುರಿಗೆ ಕೂರಿಸಿಕೊಂಡ.

“ಕ ಅನ್ನು.”

“ತ.”

“ತ ಅಲ್ಲ, ಕ.”

“ತ.”

“ಇನ್ನೊಮ್ಮೆ.”

ಹನ್ನೊಂದನೆಯ ದಿನ ಮಗು ‘ತ’ ಅನ್ನುವುದನ್ನೂ ನಿಲ್ಲಿಸಿತು.

ಎರಡು ದಿನ ನೋಡಿ ಚೆನ್ನಾಜಮ್ಮ ಗುರುಗಳ ಮುಂದೆ ಬಂದು ಕಣ್ಣೊರೆಸಿಕೊಂಡಳು. “ಬುದ್ಧೀ, ತೊದಲಾದ್ರೂ ಮನೆ ತುಂಬಾ ಮಾತಾಡ್ಕೊಂಡಿತ್ತು ನನ್ ಕೂಸು. ಈಗ ನೀರು ಬೇಕಂದ್ರೂ ಬೆಟ್ಟು ತೋರಿಸ್ತದೆ. ಹಿಂಗೇ ಮಾತು ಬಿಟ್‌ಬಿಟ್ರೆ ಏನ್ಮಾಡ್ಲಿ?”

ಗುರುಗಳು ಮಗುವನ್ನೂ ಶಿಷ್ಯನನ್ನೂ ಕರೆಸಿದರು. ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡರು.

“ಗಿರಿಜವ್ವ, ನಿನ್ನಿಂದ ಒಂದು ಉಪಕಾರ ಆಗಬೇಕು. ಈ ಅಣ್ಣನಿಗೆ ಕಿವಿ ಮಂದ, ಪಾಪ. ನೀನೇ ಸ್ವಲ್ಪ ನೋಡಿಕೊಳ್ಳುತ್ತೀಯಾ?”

ಮಗು ವೃಷಭೇಂದ್ರನ ಎಡಗಿವಿ ನೋಡಿತು. ಎದ್ದು ಹೋಗಿ ಬಲಗಿವಿಯನ್ನೂ ನೋಡಿತು. ಆಗಲಿ ಅಂತ ತಲೆ ಆಡಿಸಿತು.

ಅದು ಅತ್ತ ಹೋದದ್ದೇ ತಡ, ವೃಷಭೇಂದ್ರ ಕೆಂಪಾದ. “ನನ್ನ ಕಿವಿಗೆ ಏನಾಗಿದೆ ಗುರುಗಳೇ? ತಾವು ಮಗುವಿಗೆ ಸುಳ್ಳು ಹೇಳುವುದೇ?”

“ಇನ್ನು ತಿದ್ದಬೇಡ,” ಎಂದರು ಗುರುಗಳು. “ಅರ್ಥವಾಗದಿದ್ದರೆ ‘ನನಗೆ ಕೇಳಿಸಲಿಲ್ಲ ಕಣವ್ವ’ ಅನ್ನು. ಸದ್ಯಕ್ಕೆ ಇದೇ ನಿನ್ನ ಪಾಠ.”

ಮೂರು ದಿನ ಮಗು ಸುಮ್ಮನೆ ಅವನ ಬೆನ್ನ ಹಿಂದೆ ಸುತ್ತಿತು. ನಾಲ್ಕನೆಯ ದಿನ ಏದುಸಿರು ಬಿಡುತ್ತಾ ಓಡಿ ಬಂತು.

“ಉಸಬೇಂದಣ್ಣ! ತಾಯಿ ಬಿತ್ತು!”

ಅವನು ಎದ್ದೆನೋ ಬಿದ್ದೆನೋ ಅಂತ ಅಡುಗೆಮನೆಗೆ ಓಡಿದ. ಚೆನ್ನಾಜಮ್ಮ ಒರಳಿನ ಮುಂದೆ ಕೂತು ಆರಾಮವಾಗಿ ರುಬ್ಬುತ್ತಿದ್ದಳು.

“ಎಲ್ಲಿ ಬಿದ್ದಿರಿ? ಪೆಟ್ಟಾಯಿತೇ?”

“ನಾನ್ಯಾಕೆ ಬೀಳ್ಲಿ ಸ್ವಾಮಿ?”

ಮಗು ಅವನ ಶಲ್ಯ ಹಿಡಿದು ಎಳೆಯಿತು. ದಂಡೆಯ ತೆಂಗಿನಮರದ ಹತ್ತಿರ ಕರೆದುಕೊಂಡು ಹೋಗಿ, ಆಗ ತಾನೇ ಬಿದ್ದಿದ್ದ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಿತು. ಬಗ್ಗು ಅಂತ ಸನ್ನೆ ಮಾಡಿ, ಅವನ ಕಿವಿಗೆ ಬಾಯಿಟ್ಟು ನಿಧಾನವಾಗಿ ಕೂಗಿತು.

“ತಾ… ಯಿ! ತೇಲಿತಾ?”

“ಕೇಳಿತು ಕಣವ್ವ,” ಎಂದ ವೃಷಭೇಂದ್ರ.

ಸಂಜೆ ಗುರುಗಳ ಮುಂದೆ ಗೊಣಗಿದ. “ಕಾಯಿಗೆ ತಾಯಿ ಅಂದರೆ ಯಾರಿಗೆ ತಾನೇ ತಿಳಿಯುತ್ತದೆ?”

“ಮಗು ಏನಂದಿತು? ಪೂರ್ತಿ ಹೇಳು.”

“ತಾಯಿ ಬಿತ್ತು ಅಂದಳು.”

“ತಾಯಿ ಬಿದ್ದರೆ ಏನನ್ನಬೇಕು?”

“ಬಿದ್ದಳು…”

“ಅದರ ವ್ಯಾಕರಣ ಸರಿಯಾಗಿಯೇ ಇತ್ತಲ್ಲಪ್ಪ,” ಎಂದು ಗುರುಗಳು ಕಾಯಿ ಸುಲಿಯಲು ಕೂತರು.

ಅವನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ತಡೆಯಲಾರದಷ್ಟು ನಗು ಬಂತು.

ಮಗುವಿನ ಬಾಯಿಗೆ ಮತ್ತೆ ಬಿಡುವಿಲ್ಲದಾಯಿತು. ‘ಎಲಡು ತಾದೆ ಜದಲ ಆಡ್ತಾವೆ’ ಅನ್ನುವಂಥ ಸುದ್ದಿಯನ್ನೂ ಮೊದಲು ಅವನಿಗೇ ಬಂದು ಹೇಳುತ್ತಿತ್ತು. ಕಿವಿ ಕೇಳದ ಅಣ್ಣ ಅಂತ ಎದುರಿಗೆ ನಿಂತು, ಮುಖ ನೋಡಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳುತ್ತಿತ್ತು. ಕೇಳಿಸಲಿಲ್ಲ ಅಂದರೆ ಬೇಸರವಿಲ್ಲದೆ ಇನ್ನೊಮ್ಮೆ ಹೇಳುತ್ತಿತ್ತು.

ದಿನ ಹೋದ ಹಾಗೆ ಕೇಳಿಸಲಿಲ್ಲ ಅನ್ನುವ ಸಂದರ್ಭ ಕಡಿಮೆಯಾಯಿತು. ಆಶ್ರಮಕ್ಕೆ ಬಂದವರು ಮಗುವಿನ ಮಾತು ತಿಳಿಯದೆ ಹೋದರೆ ವೃಷಭೇಂದ್ರನನ್ನು ಕೇಳುತ್ತಿದ್ದರು. ಅವನಿಗೆ ಅದು ಹೆಮ್ಮೆಯೇ ಆಗಿತ್ತು.

ಒಂದು ಬೆಳಿಗ್ಗೆ ಮಗು ಬಂದು ಅವನ ಮುಂದೆ ನಿಂತಿತು.

“ಉಸಬೇಂದಣ್ಣ, ಕಾಯಿ ಬಿತ್ತು.”

“ಬಂದೆ ಕಣವ್ವ,” ಎಂದು ಅವನು ಎದ್ದು ಹೊರಟ.

ಒರಳಿನ ಮುಂದಿದ್ದ ಚೆನ್ನಾಜಮ್ಮನ ಕೈ ನಿಂತುಹೋಯಿತು. “ಸ್ವಾಮಿ! ಕಾಯಿ ಅಂತು! ನನ್ ಕೂಸು ಕಾಯಿ ಅಂತು!”

ಕಾಗೆ ಆಗಿನ್ನೂ ತಾದೆಯೇ. ಆದರೂ ಅವತ್ತು ಚೆನ್ನಾಜಮ್ಮ ಎಲ್ಲರಿಗೂ ಪಾಯಸ ಬಡಿಸಿದಳು.

ವೃಷಭೇಂದ್ರ ಗುರುಗಳ ಬಳಿಗೆ ಹೋದ. “ಅವಳು ಕಾಯಿ ಅಂದದ್ದು ನನಗೆ ಗೊತ್ತೇ ಆಗಲಿಲ್ಲ ಗುರುಗಳೇ. ಕಾಯಿ ತರಲು ಹೊರಟುಬಿಟ್ಟಿದ್ದೆ.”

“ಸಂತೋಷ,” ಎಂದರು ಗುರುಗಳು.

“ಅವಳು ಇನ್ನೂ ನನ್ನನ್ನು ಕಿವುಡ ಅಂತಲೇ ನಂಬಿದ್ದಾಳೆ. ಪಾಪ ಅನ್ನಿಸುತ್ತದೆ. ನನ್ನ ಕಿವಿ ಚೆನ್ನಾಗಿದೆ ಅಂತ ಹೇಳಿಬಿಡಲೇ?”

“ಧಾರಾಳವಾಗಿ ಹೇಳಪ್ಪ,” ಎಂದರು ಗುರುಗಳು. “ಅವತ್ತು ಹೇಳಿದ್ದರೆ ಸುಳ್ಳಾಗುತ್ತಿತ್ತು.”